ಮೂಲೆ ಕತ್ತರಿಸಿದ ಕಾರ್ಡು

ಸೇಡಂನ ಮಡಿವಾಳಯ್ಯ ಹನ್ನೊಂದು ತಿಂಗಳಿಂದ ಒಂದೇ ಕಾಗದವನ್ನು ಬರೆಯುತ್ತಿದ್ದ. ಅದು ಪ್ರೇಮಪತ್ರವಾಗಿದ್ದರೆ ಇಷ್ಟರಲ್ಲಿ ಆ ಹುಡುಗಿಗೆ ಬೇರೆಯವನ ಜೊತೆ ಮದುವೆಯಾಗಿ, ತೊಟ್ಟಿಲೂ ಕಟ್ಟಿ ಮುಗಿದಿರುತ್ತಿತ್ತು. ಆದರೆ ಅದು ಹೈದರಾಬಾದಿನ ಒಂದು ಧರ್ಮಾರ್ಥ ನಿಧಿಗೆ ಕಳಿಸಬೇಕಾದ ಸಂಶೋಧನೆಯ ವರದಿ. ನಿಧಿಗಳಿಗೆ ಮದುವೆಯಾಗುವುದಿಲ್ಲ. ಅವು ಕಾಯುತ್ತ ಕೂತಿರುತ್ತವೆ.

ಮಡಿವಾಳಯ್ಯ ಪಿಎಚ್.ಡಿ. ಮಾಡುತ್ತಿದ್ದ. ವಿಷಯ, ಶಹಾಬಾದಿನ ಹಾಸುಗಲ್ಲು. ಅರ್ಧ ದೇಶದ ಬಚ್ಚಲುಗಳಲ್ಲಿ ಬಿದ್ದುಕೊಂಡಿರುವ ಆ ಕಲ್ಲು ನೆಲದಡಿಯಲ್ಲಿ ಪೇರಿಸಿಟ್ಟ ಕೌದಿಗಳ ಹಾಗೆ ಪದರಪದರವಾಗಿ ಹೇಗೆ ಬಂದು ಕೂತಿತು ಎಂಬುದನ್ನು ಅವನು ಪತ್ತೆಹಚ್ಚಬೇಕಿತ್ತು. ವಿಭಾಗ ಗುಲ್ಬರ್ಗಾದಲ್ಲಿತ್ತು, ಕಲ್ಲಿನ ಖಣಿ ಶಹಾಬಾದಿನಲ್ಲಿತ್ತು, ರೊಟ್ಟಿ ಸೇಡಂನಲ್ಲಿತ್ತು. ಈ ಮೂರರ ನಡುವೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುತ್ತ ಅವನ ಯೌವನ ಕಳೆಯುತ್ತಿತ್ತು.

ಖರ್ಚು ನಿಧಿಯದು. ಶಹಾಬಾದಿನ ಕಲ್ಲು ಮಾರಿಯೇ ಸಾಹುಕಾರನಾದ ಒಬ್ಬ ವ್ಯಾಪಾರಿ, ತನಗೆ ಅನ್ನ ಹಾಕಿದ ಕಲ್ಲಿನ ಬಗ್ಗೆ ಯಾರಾದರೂ ನಾಲ್ಕು ಮಾತು ತಿಳಿದು ಬರೆಯಲಿ ಎಂದು ಸಾಯುವಾಗ ಉಯಿಲು ಬರೆದಿಟ್ಟಿದ್ದ. ಷರತ್ತು ಒಂದೇ. ಮೂರು ತಿಂಗಳಿಗೊಮ್ಮೆ ನಿಧಿಯ ಕಾರ್ಯದರ್ಶಿ ಅಬ್ದುಲ್ ಗನಿ ಸಾಹೇಬರಿಗೆ ವರದಿ ಬರೆಯಬೇಕು. ಗನಿ ಸಾಹೇಬರು ಮೂಲತಃ ನಾಲವಾರದವರು, ಸರ್ಕಾರಿ ನೌಕರಿಯಿಂದ ನಿವೃತ್ತರು, ಕನ್ನಡವನ್ನು ದುಂಡಗಿನ ಅಕ್ಷರದಲ್ಲಿ ಬರೆಯುವವರು. ಅವರನ್ನು ಮಡಿವಾಳಯ್ಯ ಕಂಡಿರಲಿಲ್ಲ. ಅವರೂ ಇವನನ್ನು ಕಂಡಿರಲಿಲ್ಲ.

ಮೊದಲ ವರದಿಯನ್ನು ಅವನು ಹೇಳಿದ ದಿನಕ್ಕೇ ಕಳಿಸಿದ. ಎಂಟು ಪುಟ. ಅದಕ್ಕೆ ಉತ್ತರ ಬಂತು: ‘ನಿಮ್ಮ ವರದಿಯನ್ನು ಬಹಳ ಸಂತೋಷದಿಂದ ಓದಿದೆ. ಮುಂದಿನದಕ್ಕೆ ಕಾಯುತ್ತಿದ್ದೇನೆ.’ ಈ ಎರಡು ಸಾಲು ಅವನನ್ನು ಹಾಳು ಮಾಡಿದವು. ಮುಂದಿನದು ಇದಕ್ಕಿಂತ ಚೆನ್ನಾಗಿರಬೇಕಲ್ಲ. ಅವನು ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕೂತು ಅನುವಾದಿತ ಕಾದಂಬರಿಗಳನ್ನು ಓದುವವನು. ಆ ಕಾದಂಬರಿಗಳಲ್ಲಿ ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಒಬ್ಬ ಮನುಷ್ಯ ಇಪ್ಪತ್ತು ಪುಟದ ಪತ್ರ ಬರೆದು, ಓದಿ, ಒಲೆಗೆ ಹಾಕಿ, ಮತ್ತೆ ಬರೆಯುತ್ತಾನೆ. ಸೇಡಂನಲ್ಲಿ ಹೊರಗೆ ತೊಗರಿ ಹೊಟ್ಟು ಹಾರುತ್ತಿತ್ತು. ಉಳಿದದ್ದೆಲ್ಲ ಹಾಗೆಯೇ ನಡೆಯಿತು. ಬರೆದ, ಓದಿದ, ತಾಯಿ ಶಿವಕಾಂತಮ್ಮನ ಒಲೆಗೆ ಹಾಕಿದ. ಈ ವರ್ಷ ಉರಿ ಚೆನ್ನಾಗಿದೆ ಎಂದು ಆಕೆ ನೆರೆಮನೆಯ ಅಮೀರ್‌ಬೀಗೆ ಹೇಳಿಕೊಂಡಳು.

ಈ ನಡುವೆ ಗನಿ ಸಾಹೇಬರಿಂದ ಮೂರು ಕಾಗದ ಬಂದವು. ಮೊದಲನೆಯದರಲ್ಲಿ ವರದಿ ತಲುಪಿಲ್ಲ ಎಂದಿತ್ತು. ಎರಡನೆಯದರಲ್ಲಿ ತಮ್ಮ ಆರೋಗ್ಯ ಹೇಗಿದೆ ಎಂದಿತ್ತು. ಮೂರನೆಯದು ‘ಮಡಿವಾಳಯ್ಯನವರ ಮನೆಯಲ್ಲಿ ಯಾರಿದ್ದಾರೋ ಅವರಿಗೆ’ ಎಂದು ಶುರುವಾಗಿತ್ತು. ಮೂರಕ್ಕೂ ಅವನು ಉತ್ತರದ ಕರಡು ಮಾಡಿದ. ಉರಿ ಇನ್ನೂ ಚೆನ್ನಾಯಿತು.

ಕೊನೆಗೆ ಮಾಘಮಾಸದ ಒಂದು ಬೆಳಿಗ್ಗೆ ವಾಡಿಯಲ್ಲಿ ಗಾಡಿ ತಡವಾಗಿ, ಮಿರ್ಚಿ ಭಜಿ ತಿನ್ನುತ್ತಿದ್ದವನಿಗೆ ಒಮ್ಮೆಲೆ ಧೈರ್ಯ ಬಂತು. ಜೇಬಿನಿಂದ ಒಂದು ಪೋಸ್ಟ್ ಕಾರ್ಡು ತೆಗೆದು ಎರಡು ಸಾಲು ಗೀಚಿ, ಬುಡದಲ್ಲಿ ತನ್ನ ಹೆಸರು, ಊರು ಬರೆದ. ಬರೆದು ನೋಡಿದರೆ ಒಂದು ಮೂಲೆಯಲ್ಲಿ ಭಜಿಯ ಎಣ್ಣೆ. ಅವನು ಓದಿದ ಯಾವ ಕಾದಂಬರಿಯಲ್ಲೂ ಯಾರೂ ಎಣ್ಣೆಯ ಕಾಗದ ಕಳಿಸಿರಲಿಲ್ಲ. ಪೆನ್ಸಿಲ್ ಕೆತ್ತುವ ಬ್ಲೇಡು ತೆಗೆದು ಆ ಮೂಲೆಯನ್ನು ಓರೆಯಾಗಿ, ಬಹಳ ಅಚ್ಚುಕಟ್ಟಾಗಿ ಕತ್ತರಿಸಿದ. ಟಪಾಲು ಡಬ್ಬಿಗೆ ಹಾಕಿದ. ನಿರಾಳವಾಗಿ ಇನ್ನೊಂದು ಭಜಿ ತಿಂದ.

ನಮ್ಮ ಕಡೆ ಕಾಗದವನ್ನು ಓದುವುದಕ್ಕೆ ಮುಂಚೆ ಅದರ ಮೂಲೆ ನೋಡುತ್ತಾರೆ. ಮೂಲೆಗೆ ಅರಿಷಿಣವಿದ್ದರೆ ಮದುವೆ. ಮೂಲೆ ಹರಿದಿದ್ದರೆ ಸಾವು. ಅಂಥ ಕಾರ್ಡನ್ನು ಹೊಸ್ತಿಲು ದಾಟಿಸುವುದಿಲ್ಲ. ಹೊರಗೇ ಯಾರ ಹೆಸರೆಂದು ನೋಡಿ, ಹರಿದು ಎಸೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ಹಿಂದೂ ಮನೆ, ಮುಸಲ್ಮಾನರ ಮನೆ ಎಂಬ ಭೇದ ಇದಕ್ಕಿಲ್ಲ. ಮಡಿವಾಳಯ್ಯನಿಗೂ ಇದು ಗೊತ್ತಿತ್ತು. ಆದರೆ ಹಿಮ ಬೀಳುವ ದೇಶಗಳ ಬಗ್ಗೆ ತಿಳಿದುಕೊಳ್ಳುವಾಗ ಮನುಷ್ಯ ತನ್ನ ಓಣಿಯನ್ನು ಕೊಂಚ ಮರೆಯಬೇಕಾಗುತ್ತದೆ.

ನಿಧಿಯ ಕಚೇರಿಯಲ್ಲಿ ಟಪಾಲು ತೆಗೆದುಕೊಳ್ಳುವ ಗುಮಾಸ್ತ ಭಗವಂತ ಚಿತ್ತಾಪುರದವನು, ಕಟ್ಟುನಿಟ್ಟಿನ ಮನುಷ್ಯ. ಮೂಲೆ ಕಂಡದ್ದೇ ಅವನು ಕಾರ್ಡನ್ನು ದೂರ ಹಿಡಿದು, ಬುಡದ ಹೆಸರನ್ನಷ್ಟೇ ನೋಡಿ, ಮೆಟ್ಟಿಲ ಮೇಲೆ ನಿಂತೇ ನಾಲ್ಕು ತುಂಡು ಮಾಡಿ ಮೋರಿಗೆ ಹಾಕಿದ. ಆ ಚಳಿಯಲ್ಲಿ ಅಂಗಳದ ನಲ್ಲಿಯಡಿ ತಣ್ಣೀರು ಸುರಿದುಕೊಂಡು, ಒದ್ದೆ ತಲೆಯಲ್ಲಿ ಸಾಹೇಬರ ಮುಂದೆ ನಿಂತು, ಸೇಡಂನ ಮಡಿವಾಳಯ್ಯ ಹೋದನೆಂದು ತಿಳಿಸಿದ.

ಸಾಹೇಬರು ಕಾನೂನು ತಿಳಿದವರು. ಕಾರ್ಡು ಬರೆದವರು ಯಾರೆಂದು ಕೇಳಿದರು. ಬುಡದಲ್ಲಿ ಮಡಿವಾಳಯ್ಯ ಎಂದೇ ಇತ್ತು ಎಂದ ಭಗವಂತ. ಕಚೇರಿ ಹತ್ತು ನಿಮಿಷ ಯೋಚಿಸಿತು. ಆಮೇಲೆ ಭಗವಂತನೇ ಗಂಟು ಬಿಚ್ಚಿದ. ಅವರು ಜಂಗಮರು, ಆ ಮನೆತನಗಳಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಅಂದರೆ ಅಜ್ಜ ಮಡಿವಾಳಯ್ಯ, ಮೊಮ್ಮಗ ಮಡಿವಾಳಯ್ಯನ ಸಾವಿಗೆ ಕಾರ್ಡು ಬರೆದಿದ್ದಾನೆ. ಹನ್ನೊಂದು ತಿಂಗಳ ಮೌನಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಯಾರಿಗೂ ಹೊಳೆಯಲಿಲ್ಲ. ಸೇಡಂಗೆ ಒಂದು, ಗುಲ್ಬರ್ಗಾಕ್ಕೆ ಒಂದು ತಾರು ಹೋಯಿತು.

ಅಜ್ಜ ಮಡಿವಾಳಯ್ಯ ನಿಜವಾಗಿಯೂ ಇದ್ದ. ಎಂಬತ್ತು ದಾಟಿದ್ದರೂ ಜೋಳಿಗೆ ಹಿಡಿದು ಭಕ್ತರ ಮನೆಗಳಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಓಣಿಗೆಲ್ಲ ಅವನು ಮುತ್ಯಾ. ಮಂಗಳವಾರ ಅಜ್ಜ, ಮೊಮ್ಮಗ ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಾಗ ಟಪಾಲಿನ ದೇವಿಂದ್ರಪ್ಪ ಸೈಕಲ್ ತಳ್ಳಿಕೊಂಡು, ಟೋಪಿ ಕೈಯಲ್ಲಿ ಹಿಡಿದು ಬಂದ. ಹಿಂದೆ ಅರ್ಧ ಓಣಿ. ತಾರಿನ ಒಕ್ಕಣೆ ಟಪಾಲು ಕಚೇರಿಯಲ್ಲೇ ಎಲ್ಲರಿಗೂ ಗೊತ್ತಾಗಿತ್ತು: ಮಡಿವಾಳಯ್ಯನ ಸಾವಿನಿಂದ ಅತೀವ ದುಃಖ, ಕಾರ್ಯದರ್ಶಿ ಗುರುವಾರ ಬರುತ್ತಾರೆ. ಆದರೆ ಯಾವ ಮಡಿವಾಳಯ್ಯ ಎಂದು ಟಪಾಲು ಕಚೇರಿಗೆ ತಿಳಿದಿರಲಿಲ್ಲ. ದೇವಿಂದ್ರಪ್ಪ ಇಬ್ಬರನ್ನೂ ನೋಡಿ ಕೊಂಚ ನಿರಾಶನಾದ.

“ಇಬ್ಬರೂ ಇಲ್ಲೇ ಕುಂತೀರಲ್ರಿ” ಎಂದ.

ಮುತ್ಯಾ ವಿಷಯ ಕೇಳಿ ತನ್ನ ನಾಡಿ ತಾನೇ ಹಿಡಿದು ನೋಡಿಕೊಂಡ. ಆಮೇಲೆ ಮೊಮ್ಮಗನ ಕಡೆ ತಿರುಗಿ, “ನಾ ಅಂತೂ ಅಲ್ಲ. ನೀ ಏನ್ ಮಾಡ್ಕೊಂಡಿ ನೋಡು” ಎಂದ.

ಅಷ್ಟರಲ್ಲಿ ಅಮೀರ್‌ಬೀ ದೊಡ್ಡ ಪಾತ್ರೆಯಲ್ಲಿ ಅನ್ನ, ಬೇಳೆ ಹೊತ್ತು ತಂದಿದ್ದಳು. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ತಂದು ಉಣಿಸಬೇಕು. ಯಾರೂ ಸತ್ತಿಲ್ಲ ಎಂದು ಶಿವಕಾಂತಮ್ಮ ಹೇಳಿದರೆ, ಮಾಡಿದ ಅಡಿಗೆಯನ್ನು ಹಿಂದಕ್ಕೆ ಒಯ್ಯುವುದು ಅಪಶಕುನ ಎಂದಳು. ಓಣಿಯವರು ಅಳಲು ಬಂದವರು, ಉಂಡು ಹೋದರು.

ಮಡಿವಾಳಯ್ಯನಿಗೆ ಭಜಿ, ಎಣ್ಣೆ, ಬ್ಲೇಡು ಎಲ್ಲ ಒಂದೊಂದಾಗಿ ನೆನಪಾದವು. ಬುಧವಾರ ನಸುಕಿನ ಗಾಡಿ ಹಿಡಿದು, ವಾಡಿಯಲ್ಲಿ ಬದಲಿಸಿ, ಗುಲ್ಬರ್ಗಾಕ್ಕೆ ಓಡಿದ. ವಿಭಾಗಕ್ಕೆ ಬೀಗ ಹಾಕಿತ್ತು. ಬಾಗಿಲ ಮೇಲೆ ಅವನದೇ ಹೆಸರಿನ ನೋಟೀಸು, ಅವನ ಗೌರವಾರ್ಥ ಎರಡು ದಿನ ರಜೆ. ಮಾರ್ಗದರ್ಶಕರ ಮನೆಗೆ ಹೋದ. ಅವರು ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದರು. ಒಳಗೆ ಕೂರಿಸಿ, ಸಂತಾಪ ಸಭೆಯಲ್ಲಿ ತಾವು ಇಪ್ಪತ್ತು ನಿಮಿಷ ಮಾತಾಡಿದ್ದನ್ನು ತಿಳಿಸಿದರು. ಅದಕ್ಕಾಗಿ ಅವನ ಸಂಶೋಧನೆಯ ವಿಷಯವನ್ನು ಅವರು ಮೊದಲ ಸಲ ಪೂರ್ತಿ ಓದಿದ್ದರಂತೆ. ಚೆನ್ನಾಗಿತ್ತಂತೆ. ಈಗ ಅವನು ಬದುಕಿದ್ದಾನೆಂದರೆ ರಜೆಯನ್ನು ರದ್ದು ಮಾಡಬೇಕಾಗುತ್ತದೆ, ಅದಕ್ಕೆ ಅರ್ಜಿಯ ನಮೂನೆ ಇಲ್ಲ, ದಯವಿಟ್ಟು ಸೋಮವಾರದವರೆಗೆ ಕಾಣಿಸಿಕೊಳ್ಳಬಾರದು ಎಂದರು.

ಆಮೇಲೆ ಬಾಗಿಲವರೆಗೆ ಬಂದು, ಮೆತ್ತಗೆ ನಿಜವಾದ ಸುದ್ದಿ ಹೇಳಿದರು. ವರದಿ ಕಳಿಸದ ತಪ್ಪಿಗೆ ಅವನ ಸಂಶೋಧನಾ ವೇತನ ನಿಲ್ಲಿಸಬೇಕೆಂಬ ಠರಾವನ್ನು ನಿಧಿ ಈ ತಿಂಗಳ ಸಭೆಗೆ ತಯಾರು ಮಾಡಿಟ್ಟಿತ್ತು. ಸಾವಿನ ಸುದ್ದಿ ಬಂದದ್ದರಿಂದ ಅದನ್ನು ಹರಿದು ಹಾಕಿ ಬೇರೆ ಠರಾವು ಮಾಡಿದ್ದಾರೆ ಎಂದು ವಿಭಾಗಕ್ಕೆ ಬಂದ ತಾರಿನಲ್ಲೇ ಇತ್ತಂತೆ. ತಪ್ಪೆಲ್ಲ ಮನ್ನಾ. ಅರ್ಧ ಬರೆದ ಪ್ರಬಂಧವನ್ನು ಫೋಟೋ ಹಾಕಿ ಅಚ್ಚು ಮಾಡಿಸುತ್ತಾರೆ. ಹೆಸರು ಕೆತ್ತಿದ ಕಲ್ಲು ಮಾಡಿಸುತ್ತಾರೆ. ಅವನ ಹೆಸರಲ್ಲಿ ಬೇರೊಬ್ಬ ಸಂಶೋಧಕನಿಗೆ ಒಂದು ಸ್ಮಾರಕ ವೇತನವನ್ನೂ ಕೊಡುತ್ತಾರೆ.

ಬದುಕಿದ್ದರೆ ವೇತನವಿಲ್ಲ. ವೇತನವಿಲ್ಲದಿದ್ದರೆ ಸೋದರಮಾವ ಚಿಂಚೋಳಿಯಾಚೆ ಕುಂಚಾವರಂನ ಕಾಡಿನಂಚಿನ ಶಾಲೆಯಲ್ಲಿ ಹಿಡಿದಿಟ್ಟಿರುವ ಮಾಸ್ತರಿಕೆ. ಅಲ್ಲಿ ಹಾಸುಗಲ್ಲೂ ಇಲ್ಲ, ರೈಲೂ ಇಲ್ಲ. ಸತ್ತರೆ ಪ್ರಬಂಧ ಅಚ್ಚಾಗುತ್ತದೆ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಅವನು ಈ ತುದಿಯಿಂದ ಆ ತುದಿಗೆ ಹನ್ನೆರಡು ಸಲ ನಡೆದ. ತಾರಿನ ಫಾರಂ ತೆಗೆದುಕೊಂಡು ‘ನಾನು ಸತ್ತಿಲ್ಲ’ ಎಂದು ಬರೆದ. ಒರಟಾಯಿತು. ‘ನಾನು ಸತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ’ ಎಂದು ಬರೆದ. ಇದು ಹೆಚ್ಚಾಯಿತು. ಆರನೆಯ ಕರಡು ಮುಗಿಯುವ ಹೊತ್ತಿಗೆ ತಾರಿನ ಕಿಟಕಿ ಮುಚ್ಚಿತ್ತು.

ಸಂಜೆ ಮುತ್ಯಾ ಅವನನ್ನು ಎದುರಿಗೆ ಕೂರಿಸಿಕೊಂಡ.

“ನಲವತ್ತು ಮನಿ ಕಾಯ್ಕೊಂಡು ಬಂದೀನಿ ನಾ” ಎಂದ. “ನಿನಗ ಒಂದು ಮನಿ ಕಾಯೋದು ಆಗಲಿಲ್ಲ. ಕೊಡೋರ ಬಾಗಿಲಿಗಿ ಬರೇ ಬೇಡಲಿಕ್ಕ ಹೋಗಬಾರದೋ. ಸುಮ್ಮ ಹೋಗಿ, ಎಮ್ಮಿ ಈಯಿತೇನವ್ವ, ಮಗಳು ಬಾಣಂತನಕ್ಕ ಬಂದಾಳೇನವ್ವ ಅಂತ ಕೇಳಿ ಬರಬೇಕು. ಏನೂ ಇಲ್ಲಂದ್ರ ಏನೂ ಇಲ್ಲವ್ವಾ ಅಂತನೇ ಹೇಳಿ ಬರಬೇಕು. ನೀ ಎಂಥಾ ಶಾಣ್ಯಾ ಅಂದ್ರ, ಛಲೋ ಮಾತು ಸಿಗೋತನ ಮಾತೇ ಆಡಲ್ಲಂತಿ.”

ಹಾಗೆಂದು ಉಪದೇಶಿಸಿದ ಮುತ್ಯಾ, ಗುರುವಾರ ಒಂದು ದಿನದ ಮಟ್ಟಿಗೆ ಸತ್ತಿದ್ದರೆ ತಪ್ಪೇನಿಲ್ಲ ಎಂದೂ ಸೇರಿಸಿದ. ಅಟ್ಟದ ಮೇಲೆ ಕೂತರಾಯಿತು, ಉಳಿದದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂದ. ಶಿವಕಾಂತಮ್ಮ ಲಟ್ಟಣಿಗೆ ಹಿಡಿದು ಅಡಿಗೆಮನೆಯಿಂದ ಬಂದಳು. ತನ್ನ ಮನೆಯಲ್ಲಿ ಬದುಕಿದ್ದವರನ್ನು ಸತ್ತರೆನ್ನುವ ಬಾಯಿಗೆ ನಾಳೆಯಿಂದ ರೊಟ್ಟಿಯಿಲ್ಲ ಎಂದಳು. ಮುತ್ಯಾ ತಕ್ಷಣ ಅಭಿಪ್ರಾಯ ಬದಲಿಸಿದ.

ಗುರುವಾರ ಮಡಿವಾಳಯ್ಯ ಎಲ್ಲ ಹೇಳಿಬಿಡುವುದೆಂದು ಗಟ್ಟಿಮಾಡಿಕೊಂಡು ಸ್ಟೇಶನ್ನಿಗೆ ಹೋದ. ಹೈದರಾಬಾದಿನ ಗಾಡಿಯಿಂದ ಬಿಳಿ ಗಡ್ಡದ, ಕಪ್ಪು ಶೇರ್ವಾನಿಯ ಹಿರಿಯರೊಬ್ಬರು ಇಳಿದರು. ಹಿಂದೆ ಭಗವಂತ. ಅವನ ಎರಡು ಕೈಗಳ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೂವಿನ ಚಾದರ. ಹಿರಿಯರು ನೇರವಾಗಿ ಇವನ ಹತ್ತಿರವೇ ಬಂದು, ತೀರಿಕೊಂಡ ಮಡಿವಾಳಯ್ಯನವರ ಮನೆ ಯಾವ ಕಡೆ ಎಂದು ಕೇಳಿದರು.

ಹೇಳಬೇಕಾದ ಮಾತು ಗಂಟಲಿಗೆ ಬಂತು. ಅದರ ಒಕ್ಕಣೆ ಸರಿಯಿರಲಿಲ್ಲ. “ಬರ್ರಿ, ನಾ ಅದೇ ಕಡಿ ಹೊಂಟೀನಿ” ಎಂದ. ಭಗವಂತ ಸುಸ್ತಾಗಿದ್ದ. ಚಾದರವನ್ನು ಇವನ ಹೆಗಲಿಗೆ ಹಾಕಿದ. ತನ್ನ ಗೋರಿಯ ಹೂವನ್ನು ತಾನೇ ಹೊತ್ತು ಮಡಿವಾಳಯ್ಯ ಮುಂದೆ ನಡೆದ.

ಸಾಹೇಬರು ಟಾಂಗಾ ಬೇಡವೆಂದರು, ಸಾವಿನ ಮನೆಗೆ ನಡೆದೇ ಹೋಗಬೇಕು. ದಾರಿಯಲ್ಲಿ ತಾವಾಗಿ ಮಾತಾಡಿದರು.

“ನಮಗ ಅವರದು ಒಂದೇ ಖತ್ ಬಂದಿತ್ತು ಬೇಟಾ. ಎಂಟು ಪುಟ. ಖಣಿಯಾಗ ಒಂದು ಪದರದ ಮ್ಯಾಲ ತೆರಿ ಬಡದ ಗುರುತು ಅವ, ಒಂದು ಕಾಲಕ್ಕ ಇಲ್ಲಿ ಸಮುದ್ರ ಇತ್ತು ಅಂತ ಬರದಿದ್ರು. ನಮ್ಮ ಅಬ್ಬಾ ಅದೇ ಖಣಿಯಾಗ ಕಲ್ಲು ಒಡೀತಿದ್ರು. ಸಮುದ್ರ ನೋಡಲಾರದೇ ಹೋದ್ರು. ನಾ ಮನ್ಯಾಗ ಶಹರಬಾನುಗ ಓದಿ ಹೇಳಿದೆ, ನೋಡು, ಅಬ್ಬಾ ದಿನಾ ಸಮುದ್ರದ ಮ್ಯಾಲೇ ಕುಂತು ರೊಟ್ಟಿ ತಿಂತಿದ್ರು ಅಂತ.”

ಮಡಿವಾಳಯ್ಯನ ನಡಿಗೆ ನಿಧಾನವಾಯಿತು.

“ಆ ಸಮುದ್ರ ಎಲ್ಲಿ ಹೋಯ್ತು ಅನ್ನೋದು ಮುಂದಿನ ವರದ್ಯಾಗ ಬರೀತೀನಿ ಅಂದಿದ್ರು. ನಮ್ಮಾಕಿ ಟಪಾಲು ಬಂದಾಗೊಮ್ಮೆ ಕೇಳ್ತಾಳ. ಈಗ ಯಾರ್ನ ಕೇಳೋದು?”

ಹನ್ನೊಂದು ತಿಂಗಳು ಒಲೆಗೆ ಬಿದ್ದದ್ದು ಆಗ ಬಾಯಿಗೆ ಬಂತು. ಸಮುದ್ರ ಎಲ್ಲಿಗೂ ಹೋಗಲಿಲ್ಲ ಎಂದು ಮಡಿವಾಳಯ್ಯ ಶುರುಮಾಡಿದ. ಅದು ಆಳವಾದ ಸಮುದ್ರವಲ್ಲ, ಮೊಣಕಾಲುದ್ದ ನೀರು, ಕದಡಿದ ಸುಣ್ಣದ ಹಾಗೆ ಬೆಳ್ಳಗೆ. ಆ ಬಿಳಿ ಕೆಸರು ತಳಕ್ಕೆ ಕೂರುತ್ತ ಕೂರುತ್ತ ತಾನೇ ಕಲ್ಲಾಯಿತು. ಮೇಲಿನ ನೀರು ಹಿಂದೆ ಸರಿಯಿತು, ಒಮ್ಮೆಲೆ ಅಲ್ಲ, ಹೋಗಿ ಬಂದು, ಹೋಗಿ ಬಂದು. ಬಂದ ಸಲಕ್ಕೊಂದು ಪದರ. ಅವನು ಚಾದರವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿ, ದಾರಿಯ ಬದಿಯ ಕಟ್ಟೆಯ ಕಲ್ಲು ತೋರಿಸಿ, ಅದರ ಅಂಚಿನ ಗೆರೆಗಳನ್ನು ಬೆರಳಿಟ್ಟು ಎಣಿಸಿ ತೋರಿಸಿದ. ಸಾಹೇಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಸಂತೆಗೆ ಹೊರಟವರು ನಿಂತರು. ಸ್ಟೇಶನ್ನಿನಿಂದ ಓಣಿಯವರೆಗಿನ ಒಂದು ಮೈಲಿಯಲ್ಲಿ ನಾಲ್ಕು ವರದಿಗಳು ಮುಗಿದವು.

“ನಿಮಗ ಇಷ್ಟೆಲ್ಲಾ ಹ್ಯಾಂಗ ಗೊತ್ತು?” ಎಂದರು ಸಾಹೇಬರು.

“ನಾ ಅವರ ಜೋಡಿನೇ ಇರ್ತಿದ್ದೆರಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಮಡಿವಾಳಯ್ಯನವರ ಹೆಸರಿನಲ್ಲಿ ಸ್ಮಾರಕ ವೇತನವೊಂದನ್ನು ಇಡುತ್ತಿದ್ದೇವೆ, ನೀವು ಅರ್ಜಿ ಹಾಕಿ, ನಾನು ಶಿಫಾರಸು ಮಾಡುತ್ತೇನೆ ಎಂದರು. ಸತ್ತವರ ಬಗ್ಗೆ ಕೆಟ್ಟದ್ದು ಹೇಳಬಾರದು, ಆದರೆ ನೀವು ಅವರಿಗಿಂತ ಚೆನ್ನಾಗಿ ಹೇಳುತ್ತೀರಿ ಎಂದೂ ಸೇರಿಸಿದರು.

ಮಡಿವಾಳಯ್ಯ ಅದಕ್ಕೆ ಉತ್ತರದ ಕರಡು ಮಾಡುತ್ತಿರುವಾಗಲೇ ಮನೆ ಬಂತು. ಕಟ್ಟೆಯ ಮೇಲೆ ಮುತ್ಯಾ ವಿಭೂತಿ ಹಚ್ಚಿ ಕೂತಿದ್ದ. ಸಾಹೇಬರು ಚಪ್ಪಲಿ ಬಿಟ್ಟು, ಕೈ ಮುಗಿದು, ತಾವೇ ಹಿರಿಯ ಮಡಿವಾಳಯ್ಯನವರೇ, ಮೊಮ್ಮಗನ ಸಾವಿನ ಕಾರ್ಡು ತಾವೇ ಬರೆದದ್ದೇ ಎಂದು ಕೇಳಿದರು. ಮುತ್ಯಾ ಸೊಸೆಯ ರೊಟ್ಟಿಯನ್ನು ನೆನೆದು ಆಕಾಶ ನೋಡಿದ.

ಶಿವಕಾಂತಮ್ಮ ಬಾಗಿಲಿಗೆ ಬಂದಳು.

“ಎಲ್ಲಿ ಹಾಳಾಗಿ ಹೋಗಿದ್ಯೋ ಮಡಿವಾಳ, ಚಹಾ ಆರಿ ನೀರಾಯ್ತು. ಹೆಗಲ ಮ್ಯಾಗ ಅದೇನ್ ಹೊತ್ಕೊಂಡ್ ಬಂದಿ?”

ಗನಿ ಸಾಹೇಬರು ನಿಧಾನವಾಗಿ ತಿರುಗಿದರು. ಮಡಿವಾಳಯ್ಯ ಹೂವಿನಡಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಓಣಿ ಆಗಲೇ ಸೇರಿತ್ತು.

ಮೊದಲು ಚೇತರಿಸಿಕೊಂಡವನು ಭಗವಂತ. ಇದನ್ನು ತಾನು ಒಪ್ಪುವುದಿಲ್ಲ ಎಂದ. “ಮೂಲಿ ಹರದಿತ್ರಿ. ನಾ ಆ ಥಂಡ್ಯಾಗ ತಣ್ಣೀರು ಸುರಕೊಂಡೀನಿ. ಮೂರು ದಿನ ಆಯ್ತು, ಮೂಗು ಕಟ್ಟೇದ” ಎಂದ. ಮಡಿವಾಳಯ್ಯ ಭಜಿಯ ಎಣ್ಣೆಯ ವಿಷಯ ಹೇಳಿದ. ಹನ್ನೊಂದು ತಿಂಗಳ ವಿಷಯ ಹೇಳಿದ, ಒಲೆಯದನ್ನೂ ಹೇಳಿದ. ಅದು ಅವನು ಕರಡಿಲ್ಲದೆ ಮಾಡಿದ ಮೊದಲ ಭಾಷಣ. ಬಹಳ ಕೆಟ್ಟದಾಗಿತ್ತು.

ಸಾಹೇಬರು ಕಟ್ಟೆಯ ಮೇಲೆ ಕುಳಿತರು. ಕೋಪವಿತ್ತೋ ನಗುವಿತ್ತೋ ಗಡ್ಡದಲ್ಲಿ ತಿಳಿಯಲಿಲ್ಲ. ಒಂದೇ ಮಾತು ಕೇಳಿದರು. ಆ ಕಾರ್ಡಿನಲ್ಲಿ ಬರೆದದ್ದಾದರೂ ಏನು?

“ವರದಿ ಮುಂದಿನ ವಾರ ಕಳಸ್ತೀನಿ ಅಂತ ಬರದಿದ್ದೆರಿ.”

“ಭಗವಂತ ಅದನ್ನ ಓದಲಾರದೇ ಹರದಿದ್ದು ಛಲೋ ಆಯ್ತು” ಎಂದರು ಸಾಹೇಬರು. “ಸತ್ತಾರ ಅಂದ್ರ ನಂಬಿದ್ವಿ. ಇದನ್ನ ಯಾರೂ ನಂಬ್ತಿದ್ದಿಲ್ಲ.”

ಅಮೀರ್‌ಬೀ ಮತ್ತೆ ಅನ್ನ ತಂದಿದ್ದಳು. ಎಲ್ಲರೂ ಉಂಡರು. ಊಟದ ನಡುವೆ ಸಾಹೇಬರು ಕಾನೂನು ಹೇಳಿದರು. ದಫ್ತರದಲ್ಲಿ ಸತ್ತವನನ್ನು ಬದುಕಿಸುವುದು ಸುಲಭವಲ್ಲ. ಆದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಸಹಿ ಮಾಡಿ ಕಳಿಸುವ ಪದ್ಧತಿ ಸರ್ಕಾರದಲ್ಲೇ ಇದೆ. ಸಾಹೇಬರೂ ಕಳಿಸುತ್ತಾರೆ. ಮಡಿವಾಳಯ್ಯ ಇನ್ನು ಮೇಲೆ ತಿಂಗಳಿಗೊಂದು ಪುಟ ಬರೆಯಬೇಕು. ಕಲ್ಲಿನ ಬಗ್ಗೆ ತಿಳಿದದ್ದಿದ್ದರೆ ಅದನ್ನು. ಏನೂ ತಿಳಿಯದಿದ್ದರೆ ಏನೂ ತಿಳಿಯಲಿಲ್ಲ ಎಂದು. ಪುಟ ಬಂದ ತಿಂಗಳು ಅವನು ಬದುಕಿದ್ದಾನೆ. ಬರದ ತಿಂಗಳು ಅವನು ಸತ್ತನೆಂಬ ಸಭೆಯ ಠರಾವೇ ನಿಜ. ಮುತ್ಯಾ ಹೌದು ಹೌದೆಂದು ತಲೆಯಾಡಿಸಿದ, ಎಮ್ಮೆಯ ಸಂಗತಿಯನ್ನೂ ಕೇಳಿ ಬರೆಯಲಿ ಎಂದ. ಚಾದರ ಬಾಡುತ್ತಿತ್ತು. ಅಮೀರ್‌ಬೀ ಅದನ್ನು ಒಯ್ದು ದರ್ಗಾಕ್ಕೆ ಹಾಕಿಸಿದಳು.

ಎರಡು ತಿಂಗಳ ನಂತರ ಹೈದರಾಬಾದಿನಿಂದ ಒಂದು ಕಾರ್ಡು ಬಂತು. ಭಗವಂತನ ಕೈಬರಹ, ನಾಲ್ಕೂ ಮೂಲೆಗೆ ದಟ್ಟವಾಗಿ ಅರಿಷಿಣ. ಮಡಿವಾಳಯ್ಯನವರು ಜೀವಂತವಿರುವುದನ್ನು ನಿಧಿಯ ಸಭೆ ಬಹುಮತದಿಂದ ಅಂಗೀಕರಿಸಿದೆ ಎಂದು ಅದರಲ್ಲಿತ್ತು. ಐವರು ಪರ, ಒಬ್ಬರು ವಿರೋಧ. ವಿರೋಧಿಸಿದವರು ಆಗಲೇ ತಮ್ಮ ಸಂತಾಪದ ಭಾಷಣವನ್ನು ಅಚ್ಚು ಹಾಕಿಸಿದ್ದರು. ಬುಡದಲ್ಲಿ ಸಾಹೇಬರ ದುಂಡಗಿನ ಅಕ್ಷರದ ಒಂದು ಸಾಲು: ನೀರು ಹೋಗಿ ಬಂದ ಮಾತು ಶಹರಬಾನುಗೆ ಹಿಡಿಸಿತು, ಎಷ್ಟು ಸಲ ಬಂತು ಎಂದು ಕೇಳುತ್ತಿದ್ದಾಳೆ.

ಹೆಸರಿನ ಕಲ್ಲು ಮಾತ್ರ ಅಷ್ಟರಲ್ಲಿ ಕೆತ್ತಿ ಮುಗಿದಿತ್ತು. ಅದು ಗೂಡ್ಸ್ ಗಾಡಿಯಲ್ಲಿ ಸೇಡಂಗೆ ಬಂತು. ಒಳ್ಳೆಯ ನೀಲಿ ಕಲ್ಲು, ಎರಡು ಕೈಯಗಲ, ಮಡಿವಾಳಯ್ಯನ ಪೂರ್ತಿ ಹೆಸರು, ಕೆಳಗೆ ಎರಡು ತಾರೀಖು. ಬಂದ ಕಲ್ಲನ್ನು ಶಿವಕಾಂತಮ್ಮ ಹಿಂದಕ್ಕೆ ಕಳಿಸುವವಳಲ್ಲ. ಬರಹವನ್ನು ನೆಲಕ್ಕೆ ಮಾಡಿ ಹಿತ್ತಲಲ್ಲಿ ಹಾಕಿಸಿದಳು, ಅದರ ಮೇಲೆ ಬಟ್ಟೆ ಒಗೆಯುತ್ತಾಳೆ. ಮಡಿವಾಳಯ್ಯನ ಪುಟ ಪ್ರತಿ ತಿಂಗಳು ಇಪ್ಪತ್ತೈದಕ್ಕೆ ಹೊರಡಬೇಕು. ಇಪ್ಪತ್ನಾಲ್ಕರ ಸಂಜೆಯವರೆಗೂ ಅವನು ಕರಡು ಮಾಡುತ್ತಲೇ ಇದ್ದರೆ ಆಕೆ ಒಗೆಯುವ ಬಟ್ಟೆ ಬದಿಗಿಡುತ್ತಾಳೆ. ಮುತ್ಯಾನನ್ನು ಕರೆಯುತ್ತಾಳೆ. ಇಬ್ಬರೂ ಸೇರಿ ಕಲ್ಲನ್ನು ಹೆಸರು ಮೇಲಾಗುವಂತೆ ಮಗುಚಿ ಹಾಕುತ್ತಾರೆ.